ಮೈಕ್ರೋವೇವ್‌ನಲ್ಲಿ ಸುಗಂಧ ತೈಲ: ಅಡಿಗೆ ವೃತ್ತಿಯವರಿಗೊಂದು ಪಾಠ



ಮದುವೆ ಮನೆಯ ಪಾಯಸಕ್ಕೆ ನೂರು ಗ್ರಾಂ ಏಲಕ್ಕಿ ಬೀಜ ಕುಟ್ಟಿ ಹಾಕುತ್ತೇವೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಘಮ ಕೊಡುವ ಭಾಗ ಎಷ್ಟು? ನಮ್ಮ ದೇಶದ ಆಹಾರ ನಿಯಮದಂತೆ ಏಲಕ್ಕಿ ಬೀಜದಲ್ಲಿ ಆವಿಯಾಗುವ ತೈಲ ಕನಿಷ್ಠ ಶೇ. 3.5ರಷ್ಟು ಇರಬೇಕು. ಅಂದರೆ ನೂರು ಗ್ರಾಂಗೆ 3.5 ಮಿ.ಲೀ.; ಒಂದು ಟೀ ಚಮಚವೂ ತುಂಬುವುದಿಲ್ಲ. ನಾವು ಏಲಕ್ಕಿಗೆ ತೆರುವ ಬೆಲೆಯೆಲ್ಲ ಈ ಅಷ್ಟಿಷ್ಟು ತೈಲಕ್ಕೇ. ಅದನ್ನು ಹೇಗೆ ತೆಗೆಯುತ್ತಾರೆಂದು ತಿಳಿದರೆ, ಅಡಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವ ಬಗೆಯೂ ತಿಳಿಯುತ್ತದೆ.

ಹಳೆಯ ಪದ್ಧತಿ

ಸೊಪ್ಪು ಅಥವಾ ಮಸಾಲೆಯನ್ನು ನೀರಿನೊಡನೆ ಹಂಡೆಯಲ್ಲಿ ಕುದಿಸಿ, ಆವಿಯನ್ನು ತಣ್ಣನೆಯ ಕೊಳವೆಯಲ್ಲಿ ಹಾಯಿಸುತ್ತಾರೆ. ಆವಿ ನೀರಾಗಿ ಇಳಿಯುತ್ತದೆ, ತೈಲ ಬೇರೆಯಾಗುತ್ತದೆ. ಹೆಚ್ಚಿನ ತೈಲಗಳು ನೀರಿನ ಮೇಲೆ ತೇಲುತ್ತವೆ. ಆದರೆ ಲವಂಗದ ತೈಲ ತಳಕ್ಕೆ ಹೋಗುತ್ತದೆ. ಲವಂಗದ ಯೂಜಿನಾಲ್ ಒಂಟಿಯಾಗಿ ಕುದಿಯಲು ಸುಮಾರು 254 ಡಿಗ್ರಿ ಶಾಖ ಬೇಕು. ಆದರೆ ನೀರಾವಿ ಜೊತೆಗಿದ್ದರೆ 100 ಡಿಗ್ರಿಗಿಂತ ಸ್ವಲ್ಪ ಕೆಳಗೇ ಅದು ಹೊರಟುಬಿಡುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊಸ ಪದ್ಧತಿ

ಹಂಡೆಯಲ್ಲಿ ಬಿಸಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಹೋಗುತ್ತದೆ. ಮೈಕ್ರೋವೇವ್‌ನಲ್ಲಿ ಹಾಗಲ್ಲ. ಅದರ 2450 ಮೆಗಾಹರ್ಟ್ಸ್ ಅಲೆಗಳು ಎಲೆಯೊಳಗಿನ ನೀರನ್ನೇ ನೇರವಾಗಿ ಕಾಯಿಸುತ್ತವೆ. ಒಳಗಿನ ನೀರು ಆವಿಯಾಗಿ ಉಬ್ಬಿ, ತೈಲದ ಕೋಶಗಳನ್ನು ಒಡೆದು, ತೈಲವನ್ನು ಹೊತ್ತು ಹೊರಬರುತ್ತದೆ. ಹಸಿ ಸೊಪ್ಪಿಗೆ ಬೇರೆ ನೀರು ಬೇಡ. ಒಣ ಮಸಾಲೆಯನ್ನು ಮೊದಲು ನೆನೆಸಿ ಬಸಿಯಬೇಕು.

ರಿಯೂನಿಯನ್ ದ್ವೀಪದ ವಿಶ್ವವಿದ್ಯಾಲಯದ ಲುಕ್ಕೇಸಿ, ಶೆಮಾ ಮತ್ತು ಸ್ಮಾಜಾ ಎಂಬ ವಿಜ್ಞಾನಿಗಳು 2004ರಲ್ಲಿ ಬೇಸಿಲ್, ಪುದೀನ, ಥೈಮ್ ಸೊಪ್ಪುಗಳ ಮೇಲೆ ಇದನ್ನು ಪ್ರಯೋಗಿಸಿದರು. ಹಳೆಯ ಪದ್ಧತಿಗೆ ನಾಲ್ಕೂವರೆ ಗಂಟೆ ಹಿಡಿದ ಕೆಲಸ 30 ನಿಮಿಷದಲ್ಲಿ ಮುಗಿಯಿತು. ಇಂಧನವೂ ಉಳಿಯಿತು.

ಒಂದು ಎಚ್ಚರಿಕೆ: ಇದು ಪ್ರಯೋಗಾಲಯದ ಯಂತ್ರದ ಕೆಲಸ. ಅಡಿಗೆಮನೆಯ ಓವನ್‌ನಲ್ಲಿ ಯಾರೂ ಪ್ರಯತ್ನಿಸಬಾರದು. ನೀರು ಆರಿದ ಮಸಾಲೆ ಹೊತ್ತುತ್ತದೆ, ತೈಲದ ಆವಿಗೂ ಬೆಂಕಿ ತಗುಲೀತು.

ನಮ್ಮ ಒಲೆಗೆ ಬಂದಾಗ

1. ಮುಚ್ಚಳ ತೆಗೆದು ಕುದಿಸುವ ಕೊಪ್ಪರಿಗೆಯೂ ಒಂದು ಬಟ್ಟಿಯೇ. ಇಳಿದ ತೈಲವನ್ನು ಹಿಡಿಯುವವರಿಲ್ಲ, ಅಷ್ಟೆ. ಚಪ್ಪರದ ತುಂಬ ಘಮ ಹರಡಿತೆಂದರೆ ಎಲೆಗೆ ಬರುವಷ್ಟರಲ್ಲಿ ಅದು ಕಡಿಮೆಯಾಯಿತೆಂದೇ ಅರ್ಥ. ಏಲಕ್ಕಿಯನ್ನು ಆಗಷ್ಟೇ ಕುಟ್ಟಿ, ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಡಿ. ಸಾರಿನ ಪುಡಿಗೂ ಕಡೆಯ ಕುದಿ ಸಾಕು.

2. ತೈಲ ತೆಗೆದ ಲವಂಗವೂ ನೋಟಕ್ಕೆ ಲವಂಗವೇ. ವಾಶಿಯ ಮಾರ್ಕೆಟಿನಿಂದ ತಂದರೂ ಸರಿ, ಊರಿನಿಂದ ತರಿಸಿದರೂ ಸರಿ, ಹತ್ತು ಕಾಳು ಲೋಟದ ನೀರಿಗೆ ಹಾಕಿ. ಒಳ್ಳೆಯದು ಮುಳುಗುತ್ತದೆ, ತೈಲ ಕಳೆದುಕೊಂಡದ್ದು ತೇಲುತ್ತದೆ. ಮುದುಡಿ ಸಣ್ಣಗಾಗಿ, ಖಾರ ಸಪ್ಪೆಯಾಗಿದ್ದರೂ ಸಂಶಯಪಡಿ.

3. ತೈಲವನ್ನೇ ಕೊಳ್ಳುವುದಾದರೆ ಆಹಾರಕ್ಕೆಂದು ಮಾಡಿದ್ದನ್ನೇ ಕೊಳ್ಳಿ. ಬಾಟಲಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ. ಅಗರಬತ್ತಿ, ಅತ್ತರಿನ ತೈಲ ಅಡಿಗೆಗೆ ಸಲ್ಲದು. ತೈಲ ನೀರಿನಲ್ಲಿ ಬೆರೆಯದು. ತೊಟ್ಟುಗಳ ಲೆಕ್ಕದಲ್ಲಿ ತುಪ್ಪಕ್ಕೆ ಹಾಕಿ ಕಲಸಿ, ಆಮೇಲೆ ಪಾಯಸಕ್ಕೆ ಸೇರಿಸಿ.

ಸಾವಿರ ಎಲೆಯ ಊಟದಲ್ಲಿ ಮಸಾಲೆಯ ತೂಕ ಹೆಚ್ಚಿಸಿದರೆ ಖರ್ಚು ಏರುತ್ತದೆಯೇ ಹೊರತು ಘಮ ಏರಬೇಕೆಂದಿಲ್ಲ. ಮುಂದಿನ ಖರೀದಿಯ ದಿನ ಒಂದು ಲೋಟ ನೀರು ಪಕ್ಕದಲ್ಲಿರಲಿ.