ಹದಿಹರೆಯದ ಮಕ್ಕಳು, ವಯಸ್ಕರ ಪ್ರೇಮ: ರಾಜಿ ಪಂಚಾಯಿತಿಕೆ ಏಕೆ ಸಲ್ಲದು?

ಮಾನ್ಯ ಸದಸ್ಯರೇ,

ಶಾಲೆಗೆ ಹೋಗುವ ಹುಡುಗಿಯೊಬ್ಬಳು ವಯಸ್ಕ ಯುವಕನೊಡನೆ ಊರು ಬಿಟ್ಟಳೆಂಬ ಸುದ್ದಿ ಹಬ್ಬಿದಾಗ ಹೆತ್ತವರು ಮೊದಲು ಬರುವುದು ತಮ್ಮ ಮನೆ ಬಾಗಿಲಿಗೆ. "ಎರಡೂ ಕಡೆಯವರು ಒಪ್ಪಿದ್ದಾರೆ, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡೋಣ, ಮಾನ ಉಳಿಯುತ್ತದೆ" ಎಂಬ ಮಾತನ್ನು ನನ್ನ ಕಚೇರಿಯಲ್ಲಿಯೂ ಕೇಳಿದ್ದೇನೆ. ಹಾಗೆ ಹೇಳಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಅದರಂತೆ ನಡೆದಿದ್ದರೆ ಒಂದು ಅಪರಾಧದ ಮೇಲೆ ಮತ್ತೊಂದು ಅಪರಾಧವಾಗುತ್ತಿತ್ತು. ನಾನು ಓದಿದ್ದು ಇಂಜಿನಿಯರಿಂಗ್. ಈ ಕಾನೂನನ್ನು ಅರಿತದ್ದು ಈ ಹುದ್ದೆಗೆ ಬಂದ ಮೇಲೆ. ಅರಿತದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

1. ಕಾನೂನಿನ ನಿಲುವು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012 (ಪೋಕ್ಸೊ) ಅನ್ವಯ 18 ವರ್ಷ ತುಂಬದ ಹುಡುಗ, ಹುಡುಗಿ ಇಬ್ಬರೂ ಮಕ್ಕಳೇ. ಮಗುವಿನ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ. 'ಪ್ರೀತಿಸಿದ್ದೆವು' ಎಂಬುದು ವಯಸ್ಕನಿಗೆ ರಕ್ಷಣೆಯಾಗದು. 2019ರ ತಿದ್ದುಪಡಿಯ ನಂತರ ದೈಹಿಕ ಸಂಪರ್ಕಕ್ಕೆ ಕನಿಷ್ಠ 10 ವರ್ಷ ಜೈಲು. ಮಗು 16ಕ್ಕಿಂತ ಚಿಕ್ಕದಾಗಿದ್ದರೆ ಅಥವಾ ಗರ್ಭ ಧರಿಸಿದರೆ ಕನಿಷ್ಠ 20 ವರ್ಷ. ಲೈಂಗಿಕ ಉದ್ದೇಶದಿಂದ ಮುಟ್ಟುವುದು, ಪದೇ ಪದೇ ಹಿಂಬಾಲಿಸುವುದು, ಮಗುವಿನ ಅಶ್ಲೀಲ ಚಿತ್ರವನ್ನು ಮೊಬೈಲಿನಲ್ಲಿ ಇರಿಸಿಕೊಂಡು ಬೆದರಿಸುವುದು ಸಹ ಅಪರಾಧ. 19 ತುಂಬಿದ ಯುವಕ ಮತ್ತು 17ರ ಹುಡುಗಿಯ ನಡುವಿನ ಸಂಬಂಧಕ್ಕೂ ಇದೇ ಕಾನೂನು. ಇದನ್ನು ನಮ್ಮ ಯುವಕರಿಗೂ ತಿಳಿಸುವುದು ಅವಶ್ಯ.

2. ಮದುವೆ ಪರಿಹಾರವಲ್ಲ

ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರಂತೆ ವಿವಾಹ ವಯಸ್ಸು ಹುಡುಗಿಗೆ 18, ಹುಡುಗನಿಗೆ 21. ಬಾಲ್ಯವಿವಾಹ ನಡೆಸಿಕೊಟ್ಟವರಿಗೆ ಮತ್ತು ಅದಕ್ಕೆ ಪ್ರೇರಣೆ ನೀಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಕರ್ನಾಟಕದ ತಿದ್ದುಪಡಿಯಂತೆ ಅಂತಹ ವಿವಾಹ ಆರಂಭದಿಂದಲೇ ಅಸಿಂಧು. 18 ತುಂಬದ ಪತ್ನಿಯೊಡನೆ ದೈಹಿಕ ಸಂಪರ್ಕವೂ ಅತ್ಯಾಚಾರವೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ತಾಳಿ ಯಾರನ್ನೂ ಪಾರು ಮಾಡುವುದಿಲ್ಲ.

3. ಮಗುವಿಗಾಗುವ ನಷ್ಟ

ಪಶ್ಚಿಮ ಬಂಗಾಳದ ಒಂದು ಪ್ರಕರಣವನ್ನು ಗಮನಿಸೋಣ. 2018ರಲ್ಲಿ 14 ವರ್ಷದ ಬಾಲಕಿ 25 ವರ್ಷದ ಯುವಕನೊಡನೆ ಮನೆ ಬಿಟ್ಟಳು, ತಾಯಿಯೂ ಆದಳು. ವಿಶೇಷ ನ್ಯಾಯಾಲಯ ಅವನಿಗೆ 20 ವರ್ಷ ಶಿಕ್ಷೆ ವಿಧಿಸಿತು. 2023ರಲ್ಲಿ ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಪರಾಧಿಯೆಂಬ ತೀರ್ಪನ್ನು ಮರುಸ್ಥಾಪಿಸಿತು. ಆದರೆ 2025ರ ಮೇ ತಿಂಗಳಲ್ಲಿ, ಆಕೆಯ ಈಗಿನ ಸ್ಥಿತಿಯನ್ನು ಪರಿಗಣಿಸಿ, ತನ್ನ ವಿಶೇಷಾಧಿಕಾರ ಬಳಸಿ ಶಿಕ್ಷೆ ವಿಧಿಸಲಿಲ್ಲ. ಮನೆಯವರು ಕೈಬಿಟ್ಟರು, ಸಮಾಜ ಆಕೆಯನ್ನೇ ದೂಷಿಸಿತು, ಅವನನ್ನು ಬಿಡಿಸಲು ನಡೆಸಿದ ಹೋರಾಟ ಆಕೆಯನ್ನು ಹಣ್ಣು ಮಾಡಿತು. ಅರಿತು ಆಯ್ಕೆ ಮಾಡುವ ಅವಕಾಶ ಆಕೆಗೆ ಮೊದಲೇ ಸಿಗಲಿಲ್ಲವೆಂಬುದನ್ನು ನ್ಯಾಯಾಲಯ ಗುರುತಿಸಿತು.

ಆ ಅವಕಾಶವನ್ನು ಒದಗಿಸಬೇಕಾದ ಸ್ಥಳ ಊರೇ. ದುಡಿಯುವ ವಯಸ್ಕನ ಮುಂದೆ ಶಾಲಾ ಬಾಲಕಿಗೆ ಸಮಬಲವಿರುವುದಿಲ್ಲ. ಓದು ನಿಲ್ಲುತ್ತದೆ, ಎಳೆಯ ದೇಹದ ಬಸಿರು ಜೀವಕ್ಕೆ ಅಪಾಯ ತರುತ್ತದೆ, ಹಿಂತಿರುಗಿದರೆ ತವರಿನ ಬಾಗಿಲು ಮುಚ್ಚಿರುತ್ತದೆ.

4. ಸದಸ್ಯರು ಮಾಡಬೇಕಾದುದು

ಅ) ವಿಷಯ ತಿಳಿದೊಡನೆ ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು, ಮಗುವಿನ ನೆರವಿಗೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡುವುದು. ಪೋಕ್ಸೊ ಕಲಂ 19ರಂತೆ ವರದಿ ಮಾಡುವುದು ಕಡ್ಡಾಯ; ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ.

ಆ) ವಯಸ್ಸಿಗೆ ಶಾಲಾ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ ನೋಡುವುದು. ಜನ್ಮ ದಿನಾಂಕ ತಿದ್ದಿಸಿಕೊಡಿರೆಂಬ ಒತ್ತಡಕ್ಕೆ ಮಣಿಯಬಾರದು.

ಇ) ಮಗುವಿನ ಹೆಸರು, ಭಾವಚಿತ್ರ, ಮನೆತನದ ವಿವರವನ್ನು ವಾಟ್ಸಾಪ್ ಗುಂಪಿನಲ್ಲಾಗಲಿ, ಸಭೆಯ ನಡಾವಳಿಯಲ್ಲಾಗಲಿ ನಮೂದಿಸಬಾರದು.

ಈ) ಮಗುವನ್ನು ಕಟ್ಟೆಯ ಮೇಲೆ ನಿಲ್ಲಿಸಿ ವಿಚಾರಿಸಬಾರದು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರವಿಲ್ಲದ ಪೊಲೀಸ್ ಅಧಿಕಾರಿ, ಸಾಧ್ಯವಾದಷ್ಟು ಮಹಿಳೆಯೇ, ಪಡೆಯಬೇಕೆಂದು ಕಾನೂನಿದೆ. ರಾತ್ರಿ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ.

ಉ) ಮಗು ಮರಳಿದ ಮೇಲೆ ಮತ್ತೆ ಶಾಲೆಗೆ ಸೇರಿಸಲು ಮುಖ್ಯ ಶಿಕ್ಷಕರೊಡನೆ ತಾವೇ ಮಾತನಾಡುವುದು.

5. ಸಭೆಯಲ್ಲಿ ಚರ್ಚಿಸಿರಿ

• ನಮ್ಮ ವಾರ್ಡಿನಲ್ಲಿ ಈ ವರ್ಷ ಶಾಲೆ ಬಿಟ್ಟ ಹೆಣ್ಣುಮಕ್ಕಳು ಎಷ್ಟು? ಕಾರಣವೇನು?
• ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ಹೆದರದೆ ಮಾತನಾಡುತ್ತಾರೆಯೇ?
• ತೊಂದರೆಯಲ್ಲಿರುವ ಹುಡುಗಿ ಬೈಗುಳವಿಲ್ಲದೆ ಹೇಳಿಕೊಳ್ಳಬಲ್ಲ ಒಬ್ಬ ಹಿರಿಯರು ನಮ್ಮಲ್ಲಿ ಯಾರು?

ಮೂರನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದಲ್ಲಿ, ಆ ಹಿರಿಯರು ತಾವೇ ಆಗಬೇಕೆಂದು ವಿನಂತಿ.