ಕೊತ್ತಂಬರಿ ಬೆಳೆಗೆ ಸಾರಜನಕ: ಎಷ್ಟು, ಯಾವಾಗ?

ನಮ್ಮ ಸದಸ್ಯರಲ್ಲಿ ಕೆಲವರಿಗೆ ತೋಟದ ಜೊತೆಗೆ ಬಯಲುಸೀಮೆಯಲ್ಲಿ ಎರೆ ಹೊಲವೂ ಉಂಟು. ಹಿಂಗಾರಿನಲ್ಲಿ ಅಲ್ಲಿ ಕೊತ್ತಂಬರಿ ಬಿತ್ತುವವರು ಸಂಘದ ಗೋದಾಮಿನಲ್ಲಿ ಕೇಳುವ ಪ್ರಶ್ನೆ ಒಂದೇ: “ಇನ್ನೊಂದು ಮೂಟೆ ಯೂರಿಯಾ ಹಾಕಿದರೆ ಕಾಳು ಹೆಚ್ಚೀತೆ?”

ಉತ್ತರಕ್ಕೆ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎಕರೆಗೆ ಎರಡು ಮೂಟೆ ಯೂರಿಯಾ ಹಾಕಿದೆ. ಪೈರು ಕಡುಹಸುರಾಗಿ ಎತ್ತರಕ್ಕೆ ಬೆಳೆಯಿತು, ನೋಡಿದವರೆಲ್ಲ ಹೊಗಳಿದರು. ಹೂವಿನ ಕಾಲದಲ್ಲಿ ಬಂದ ಒಂದು ಮಳೆಗಾಳಿಗೆ ಪೈರು ನೆಲಕ್ಕೊರಗಿತು. ನಿಂತದ್ದಕ್ಕೆ ಬೂದಿರೋಗ ಹತ್ತಿತು. ಕಣದಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚು.

ಕಾರಣ ಸರಳ. ಸಾರಜನಕವಿಲ್ಲದೆ ಎಲೆಯಿಲ್ಲ, ಕವಲಿಲ್ಲ, ಕವಲಿಲ್ಲದೆ ಹೂಗೊಂಚಲಿಲ್ಲ. ಆದ್ದರಿಂದ ಒಂದು ಮಿತಿಯವರೆಗೆ ಸಾರಜನಕ ಹೆಚ್ಚಿದಂತೆ ಇಳುವರಿಯೂ ಏರುತ್ತದೆ. ಮಿತಿ ದಾಟಿದರೆ ಗಿಡ ಸೊಪ್ಪಿಗೆ ತಿರುಗುತ್ತದೆ, ಕಾಂಡ ಮೆತ್ತಗಾಗುತ್ತದೆ, ಕಾಳು ಬಲಿಯುವುದು ತಡವಾಗುತ್ತದೆ, ಹೇನು ಮತ್ತು ರೋಗ ಹೆಚ್ಚುತ್ತವೆ. ಕಾಫಿ ಗಿಡದಲ್ಲಿ ಕಂಬಚಿಗುರು ಸೊಕ್ಕಿದರೆ ಫಸಲಿಗೆ ಏನಾಗುತ್ತದೆಂದು ಬಲ್ಲ ನಮಗೆ ಇದು ಹೊಸ ಪಾಠವಲ್ಲ.

ಪ್ರಮಾಣ: ನೀರಾವರಿಯಲ್ಲಿ ಹೆಕ್ಟೇರಿಗೆ ಸುಮಾರು 60 ಕಿಲೋ ಸಾರಜನಕ, ಖುಷ್ಕಿಯಲ್ಲಿ 20ರಿಂದ 30 ಕಿಲೋ ಸಾಕು. ಯೂರಿಯಾದಲ್ಲಿ ಶೇಕಡ 46 ಭಾಗ ಸಾರಜನಕವಿದೆ. ಲೆಕ್ಕ ಹಾಕಿದರೆ ಎಕರೆಗೆ ನೀರಾವರಿಯಲ್ಲಿ ಸುಮಾರು 52 ಕಿಲೋ ಯೂರಿಯಾ, ಖುಷ್ಕಿಯಲ್ಲಿ ಹೆಚ್ಚೆಂದರೆ 26 ಕಿಲೋ. ಈಗಿನ ಮೂಟೆ 45 ಕಿಲೋದ್ದು ಎಂಬುದು ನೆನಪಿರಲಿ.

ರಂಜಕಕ್ಕಾಗಿ ಡಿ.ಎ.ಪಿ. ಹಾಕುವವರು ಅದರಲ್ಲಿನ ಶೇಕಡ 18 ಸಾರಜನಕವನ್ನು ಕಳೆಯಬೇಕು. ಎಕರೆಗೆ 25 ಕಿಲೋ ಡಿ.ಎ.ಪಿ. ಕೊಟ್ಟರೆ ನಾಲ್ಕೂವರೆ ಕಿಲೋ ಸಾರಜನಕ ಬಂದಂತಾಯಿತು. ಯೂರಿಯಾವನ್ನು ಸುಮಾರು 10 ಕಿಲೋ ಕಡಿಮೆ ಮಾಡಿ. ಈ ಲೆಕ್ಕ ಮರೆಯುವವರೇ ಹೆಚ್ಚು.

ಕಾಲ: ಖುಷ್ಕಿಯಲ್ಲಿ ಪೂರ್ತಿ ಗೊಬ್ಬರವನ್ನು ಬಿತ್ತನೆಯಲ್ಲೇ, ಬೀಜಕ್ಕೆ ತಾಗದಂತೆ ಕೊಡಿ, ಆಮೇಲೆ ಒಣ ಮಣ್ಣಿನ ಮೇಲೆ ಎರಚಿದ್ದು ಗಾಳಿಯ ಪಾಲು. ನೀರಾವರಿಯಲ್ಲಿ ಅರ್ಧ ಬಿತ್ತನೆಗೆ, ಉಳಿದರ್ಧ ಸುಮಾರು 30 ದಿನಕ್ಕೆ, ಕಳೆ ತೆಗೆದು ತೇವವಿರುವಾಗ. ಹೂವು ಬಂದ ಮೇಲೆ ಯೂರಿಯಾ ಬೇಡ.

ಮೆಂತ್ಯ ಬೆಳೆಯುವವರಿಗೆ ಒಂದು ಮಾತು: ಅದು ಬೇರಿನ ಗಂಟುಗಳಿಂದ ತಾನೇ ಸಾರಜನಕ ಪಡೆಯುವ ಬೆಳೆ. ಅದಕ್ಕೆ ಕೊತ್ತಂಬರಿಯ ಲೆಕ್ಕ ಹಿಡಿಯಬೇಡಿ.

ಕೊಟ್ಟಿಗೆ ಗೊಬ್ಬರ ತಿಂದ ಹೊಲಕ್ಕೆ ಇನ್ನೂ ಕಡಿಮೆ ಸಾಕಾದೀತು. ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದು ಗೋದಾಮಿಗೆ ಬನ್ನಿ. ಒಂದು ಮೂಟೆ ಕಡಿಮೆ ಮಾರಾಟವಾದರೆ ಸಂಘಕ್ಕೆ ನಷ್ಟವಿಲ್ಲ. ಸದಸ್ಯನ ಬೆಳೆ ಮಲಗಿದರೆ ನಷ್ಟ.