ಎಲ್ಲವನ್ನೂ ನೀವೇ ಮಾಡಬೇಕಿಲ್ಲ

ಕಾರು ಕಟ್ಟುವ ಕನಸು ಹೊತ್ತ ಮಕ್ಕಳೇ, ಕಾಲೇಜಿನ ವರ್ಕ್‌ಶಾಪಿನಲ್ಲಿ ಹಗಲು ರಾತ್ರಿ ದುಡಿಯುವ ನಿಮ್ಮ ಹುಮ್ಮಸ್ಸು ಕಂಡರೆ ನನಗೆ ತುಂಬಾ ಸಂತೋಷ. ಆದರೆ ‘ಎಲ್ಲವೂ ನಮ್ಮದೇ ಆಗಬೇಕು, ಇಂಜಿನ್ ಸಹ’ ಎಂಬ ನಿಮ್ಮ ಹಟವನ್ನು ಒಪ್ಪಲಾರೆ. ಏಕೆಂದರೆ ಜಗತ್ತು ಬೆರಗಾದ ಒಂದು ಕಾರು ಹುಟ್ಟಿದ್ದೇ ಈ ಹಟವನ್ನು ಬಿಟ್ಟಿದ್ದರಿಂದ.

ಹೊರಾಸಿಯೊ ಪಗಾನಿ ಅರ್ಜೆಂಟೀನಾದ ಕಸಿಲ್ಡಾ ಎಂಬ ಊರಿನ ಬೇಕರಿಯವನ ಮಗ. 1983ರಲ್ಲಿ ಇಟಲಿಗೆ ಹೋಗಿ ಲ್ಯಾಂಬೊರ್ಗಿನಿ ಕಂಪನಿ ಸೇರಿದರು. ಮುಂದಿನ ಕಾಲ ಕಾರ್ಬನ್ ಫೈಬರಿನದು ಎಂದು ಮನಗಂಡು, ಅದನ್ನು ಹದಗೊಳಿಸುವ ಆಟೋಕ್ಲೇವ್ ಕೊಳ್ಳಿರೆಂದು ಕೇಳಿದರು. ಕಂಪನಿ ಒಪ್ಪಲಿಲ್ಲ. ಪಗಾನಿ ಸಾಲ ಮಾಡಿ ತಾವೇ ಕೊಂಡರು.

ಆ ಕೆಲಸದ ಸೂಕ್ಷ್ಮ ನೋಡಿ. ಕಾರ್ಬನ್ ಎಳೆಗೆ ಉದ್ದಕ್ಕೆ ಎಳೆದಾಗ ಇರುವ ಬಲ ಅಡ್ಡಕ್ಕೆ ಇಲ್ಲ. ಆದ್ದರಿಂದ ಆ ಎಳೆಗಳಿಂದ ನೇಯ್ದ, ರೆಸಿನ್ ಎಂಬ ಅಂಟು ಹೀರಿದ ಬಟ್ಟೆಯನ್ನು ಅಚ್ಚಿನೊಳಗೆ ಹಾಸುವಾಗ ಭಾರ ಯಾವ ಕಡೆಯಿಂದ ಬೀಳುತ್ತದೆಂದು ಲೆಕ್ಕ ಹಾಕಿ, ಒಂದೊಂದು ಪದರವನ್ನೂ ಒಂದೊಂದು ಕೋನಕ್ಕೆ ತಿರುಗಿಸಬೇಕು. ಮೇಲೆ ಚೀಲ ಮುಚ್ಚಿ ಗಾಳಿ ಹೊರಗೆಳೆದು, ಆಟೋಕ್ಲೇವಿನೊಳಗೆ ಶಾಖ ಮತ್ತು ಒತ್ತಡದಲ್ಲಿ ಬೇಯಿಸಬೇಕು. ನಡುವೆ ಗಾಳಿಗುಳ್ಳೆ ಉಳಿದರೆ ಆ ಜಾಗ ದುರ್ಬಲವಾದಂತೆಯೇ. ಹೊರಗಿನಿಂದ ನೋಡಿದರೆ ಅದು ಕಾಣಿಸದೆಯೂ ಹೋಗಬಹುದು.

ಈ ವಿದ್ಯೆ ಪಗಾನಿಗೆ ಕರಗತವಾಗಿತ್ತು. ಆದ್ದರಿಂದ ಮುಂದೆ ತಮ್ಮದೇ ಕಾರು ಕಟ್ಟಲು ಹೊರಟಾಗ ಅದರ ನಡುವಿನ ಒಡಲನ್ನು ಕಾರ್ಬನ್ ಫೈಬರಿನಲ್ಲಿ ತಾವೇ ಮಾಡಿದರು. ಇಂಜಿನ್ ಮಾಡಲು ಹೋಗಲಿಲ್ಲ. ಕಾರು ರೇಸಿನಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅವರದೇ ನಾಡಿನ ಹಿರಿಯ ಹುವಾನ್ ಮ್ಯಾನುಯೆಲ್ ಫಾಂಜಿಯೊ ಮರ್ಸಿಡಿಸ್ ಕಂಪನಿಗೆ ಅವರನ್ನು ಪರಿಚಯಿಸಿದರು. ಅಲ್ಲಿಂದ ಬಂತು ಹನ್ನೆರಡು ಸಿಲಿಂಡರಿನ, ಆರು ಲೀಟರಿನ, ಸುಮಾರು 400 ಅಶ್ವಶಕ್ತಿಯ ಇಂಜಿನ್. ಐಷಾರಾಮಿ ಕಾರುಗಳಲ್ಲಿ ಅದಾಗಲೇ ಲಕ್ಷಾಂತರ ಕಿಲೋಮೀಟರ್ ಓಡಿ ಪಳಗಿದ್ದ ಯಂತ್ರ ಅದು. ಸಣ್ಣ ಕಂಪನಿಗೆ ಹೊಸ ಇಂಜಿನ್ ರೂಪಿಸಿ, ಪರೀಕ್ಷಿಸಿ, ಕಾಯ್ದೆಯ ಹೊಗೆ ಮಿತಿಯೊಳಗೆ ತರುವಷ್ಟು ಹಣವೂ ಇರುವುದಿಲ್ಲ, ಆಯುಷ್ಯವೂ ಸಾಲದು. ಹೀಗೆ ಉಳಿದ ಶಕ್ತಿಯನ್ನೆಲ್ಲ ಪಗಾನಿ ಕಾರನ್ನು ಹಗುರಾಗಿಸುವುದಕ್ಕೆ, ಚೆಂದವಾಗಿಸುವುದಕ್ಕೆ ಸುರಿದರು. ಹಿಂಬದಿಯಲ್ಲಿ ಒಂದೇ ಬಳೆಯೊಳಗೆ ಕೂತ ನಾಲ್ಕು ಹೊಗೆಕೊಳವೆಗಳನ್ನು ನೋಡಿದರೆ ಸಾಕು, ಅದು ಯಾರ ಕಾರೆಂದು ಇಂದಿಗೂ ಗೊತ್ತಾಗುತ್ತದೆ.

ಕಾರಿಗೆ ಫಾಂಜಿಯೊ ಹೆಸರಿಡುವ ಆಸೆಯಿತ್ತು. 1995ರಲ್ಲಿ ಆ ಹಿರಿಯರು ತೀರಿಕೊಂಡ ಮೇಲೆ, ಆಂಡಿಸ್ ಪರ್ವತದಿಂದ ಬೀಸುವ ಗಾಳಿಯ ಹೆಸರನ್ನಿಟ್ಟರು: ಜೋಂಡಾ. 1999ರ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ಜಗತ್ತು ಅದನ್ನು ಕಂಡಿತು. ಈ ಮೊದಲ ಕಾರಿಗಾಗಿ ಅವರು ವರ್ಷಗಟ್ಟಲೆ ದುಡಿದಿದ್ದರು. ಆ ಹೊತ್ತಿಗೆ ಅವರಿಗೆ 43 ವರ್ಷ.

ಹಾಗಾಗಿ ಅವಸರ ಬೇಡ. ಪಳಗಿದ ಕೈಗಳಿಂದ ನೆರವು ಪಡೆಯಲು ಸಂಕೋಚ ಬೇಡ. ಪಡೆದದ್ದನ್ನು ಬಾಯಿತುಂಬಾ ಹೇಳಿಕೊಳ್ಳಿ. ಇಂಜಿನ್ ಯಾರದಾದರೂ ಇರಲಿ. ಆದರೆ ನಿಮ್ಮ ಕಾರಿನ ಒಂದು ಭಾಗವನ್ನಾದರೂ, ಇನ್ನಾರೂ ಅಷ್ಟು ಚೆನ್ನಾಗಿ ಮಾಡಲಾರರು ಎನ್ನುವಷ್ಟು ಪಕ್ವವಾಗಿ ಕಲಿತು ಮಾಡಿ.